ದೊಡ್ಡಪ್ಪನ ಮೋಡೆಮ್ ಹೇಳದೆ ಬಿಟ್ಟದ್ದು

ಬಿಸಿಯಾದ ಪ್ಲಾಸ್ಟಿಕ್ಕು, ಸುಡುವ ಧೂಳು. ಫೋನ್ ಲೈನಿನಿಂದ ಇಂಟರ್ನೆಟ್ ಹಿಡಿಯುತ್ತಿದ್ದ ದೊಡ್ಡಪ್ಪನ ಹಳೆಯ ಮೋಡೆಮ್‌ಗೆ ಕರೆಂಟು ಕೊಟ್ಟೊಡನೆ ಎದ್ದ ಆ ವಾಸನೆಯಲ್ಲಿ ಕಾಣಿಯೂರಿನ ಮನೆ ಬಂದು ನಿಂತಿತು. ರಸ್ತೆ ಅಗಲವಾದಾಗ ನೆಲಸಮವಾದ ಮನೆ. ಮುಂದಿನ ಕೋಣೆಯಲ್ಲಿ ದೊಡ್ಡಪ್ಪನ ಝೆರಾಕ್ಸ್ ಅಂಗಡಿ; ಒಳಗೆ ಅಜ್ಜಿ, ದೊಡ್ಡಪ್ಪನ ಮಗಳು ಸುಮಕ್ಕ, ಶಾಲೆಗೆಂದು ಅಲ್ಲಿದ್ದ ನಾನು. ಮನೆಯಲ್ಲಿ ಆಡುತ್ತಿದ್ದದ್ದು ತುಳು. ಕನ್ನಡದಲ್ಲಿ ಬರೆಯುವಾಗಲೇ ಅವರ ದನಿ ಅರ್ಧ ನನ್ನದಾಗಿಬಿಡುತ್ತದೆ. ಇನ್ನರ್ಧವನ್ನು ಎಷ್ಟು ನಂಬಲಿ?

ಆ ಮೋಡೆಮ್ ಯಾವಾಗಲೂ ‘ಡಯಲ್ ಟೋನ್ ಇಲ್ಲ’ ಎಂದು ಹಟ ಹಿಡಿಯುತ್ತಿತ್ತು. ಫೋನ್ ಎತ್ತಿದಾಗ ಕೇಳುವ ನಮ್ಮೂರಿನ ಎಕ್ಸ್‌ಚೇಂಜಿನ ಟೋನಿನ ಗುರುತೇ ಅದಕ್ಕೆ ಹತ್ತುತ್ತಿರಲಿಲ್ಲ. “ನನ್ನ ಕಿವಿಗೆ ಕೇಳ್ತದೆ, ಇದಕ್ಕೆಂತ ರೋಗ?” ಎಂದು ರೇಗಿದ ದೊಡ್ಡಪ್ಪ ಒಂದು ದಿನ ಸೆಟ್ಟಿಂಗಿನಲ್ಲಿ ಎಕ್ಸ್4 ಇದ್ದಲ್ಲಿ ಎಕ್ಸ್3 ಎಂದು ಬರೆದರು. ಅಲ್ಲಿಂದ ಅದು ಟೋನಿಗೆ ಕಾಯದೆ ನೇರ ನಂಬರು ಒತ್ತತೊಡಗಿತು, ಕನೆಕ್ಷನ್ನೂ ಸಿಕ್ಕಿತು. ಆದರೆ ಲೈನು ಸತ್ತಿದ್ದರೂ ಅದನ್ನು ಹೇಳುವ ಬಾಯಿ ಅದಕ್ಕಿರಲಿಲ್ಲ. ಹೆಚ್ಚಿನದಕ್ಕೆಲ್ಲ ಒಂದೇ ಉತ್ತರ: ‘ನೋ ಕ್ಯಾರಿಯರ್’, ಆ ಕಡೆ ಯಾರೂ ಸಿಗಲಿಲ್ಲ ಎಂದು.

ಸುಮಕ್ಕನಿಗೆ ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿ, ಸಂಜೆಯೊಳಗೆ ಇ-ಮೇಲ್‌ನಲ್ಲಿ ಒಪ್ಪಿಗೆ ಕಳಿಸಬೇಕಿದ್ದ ದಿನ ಬೆಳಿಗ್ಗೆಯಿಂದ ಅದೇ ಉತ್ತರ. ದೊಡ್ಡಪ್ಪ ಪಾಸ್‌ವರ್ಡನ್ನು ಮತ್ತೆ ಮತ್ತೆ ಒತ್ತಿದರು, ನಂಬರು ಬದಲಿಸಿದರು, ಕಂಪ್ಯೂಟರು ಆಫ್ ಮಾಡಿ ಆನ್ ಮಾಡಿದರು. ಮೈಸೂರಿಗೆ ಎಸ್‌ಟಿಡಿ ಮಾಡಲಾಗದ ಮನೆಯ ಫೋನನ್ನು ಎತ್ತಿ ಕೇಳಲು ಮಾತ್ರ ಯಾರಿಗೂ ಹೊಳೆಯಲಿಲ್ಲ. “ಅಪ್ಪ, ಬೂತಿಂದ ಫೋನ್ ಮಾಡುವ,” ಎಂದಳು ಬಾಗಿಲಲ್ಲೇ ನಿಂತಿದ್ದ ಸುಮಕ್ಕ. “ಮನೆಯಲ್ಲಿ ಇಂಟರ್ನೆಟ್ ಇಟ್ಕೊಂಡು ಬೂತಿಗೆ ಹೋಗುದಾ? ತಡಿ ಮಾರಾಯ್ತಿ!” ಕೊನೆಗೂ ಬೂತಿಗೆ ಓಡುವಾಗ ಕಾಲೇಜಿನ ಆಫೀಸು ಮುಚ್ಚಿತ್ತು. ತಿರುಗಿ ಬಂದಾಗ ಅಜ್ಜಿ ದೊಡ್ಡಪ್ಪನಿಗೆ ಮೆಲ್ಲಗೆ ಹೇಳಿದರು: “ಮಗಾ, ಜಗಲಿಯ ಫೋನಿನ ಡಬ್ಬಿಯಿಂದ ವಯರು ತೆಗೆದದ್ದು ನಾನು. ನಿನ್ನೆ ಸಿಡಿಲು ಬರ್ತಿತ್ತಲ್ಲ.” ಗುಡುಗಿದರೆ ಮೊದಲು ಫೋನಿನ ವಯರು ಕೀಳುವುದು ನಮ್ಮ ಕಡೆ ಎಲ್ಲರ ರೂಢಿ. ದೊಡ್ಡಪ್ಪ ಜಗಲಿಗೆ ಹೋಗಿ ವಯರು ಸಿಕ್ಕಿಸಿದರು. ಸೀಟು ಹೋಯಿತು. ಸುಮಕ್ಕ ಅಜ್ಜಿಯೊಡನೆ ತುಂಬ ಕಾಲ ಮಾತು ಬಿಟ್ಟಳು.

ಇಷ್ಟು ನನಗೆ ಸ್ಪಷ್ಟವಿತ್ತು. ನಿನ್ನೆ, ಈಗ ಸುಳ್ಯದಲ್ಲಿರುವ ಸುಮಕ್ಕನಿಗೆ ಮೊಬೈಲಿನಲ್ಲಿ ಇದನ್ನೇ ಹೇಳಿದೆ. “ಅಜ್ಜಿಗೆ ಅಷ್ಟು ಎತ್ತರದ ಡಬ್ಬಿ ಎಟಕ್ತಿತ್ತಾ ಮಾರಾಯ?” ಎಂದಳು. “ಅಪ್ಪನೇ ತೆಗೆದು ಮರ್ತದ್ದು.” ನೀನು ನೋಡಿದ್ದೀಯಾ ಎಂದೆ. “ಇಲ್ಲ. ಅಜ್ಜಿ ಹೋದ ಮೇಲೆ ಹೊಳೆದದ್ದು.” ಅಜ್ಜಿ ಸ್ಟೂಲು ಹತ್ತಿರಬಾರದೇಕೆ? ಅಥವಾ ಮಗನ ಮರ್ಯಾದೆ ಕಾಯಲು ಸುಳ್ಳು ಹೇಳಿರಬಾರದೇಕೆ? ಕೇಳೋಣವೆಂದರೆ ಅಜ್ಜಿಯೂ ಇಲ್ಲ, ದೊಡ್ಡಪ್ಪನೂ ಇಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಮೋಡೆಮ್‌ಗೆ ಎಕ್ಸ್4 ಕೊಟ್ಟು ಡಯಲ್ ಮಾಡಿಸಿದೆ. ‘ಡಯಲ್ ಟೋನ್ ಇಲ್ಲ’ ಎಂದಿತು. ನಿಜವೇ, ನನ್ನ ಮನೆಯಲ್ಲಿ ಫೋನಿನ ಲೈನೇ ಇಲ್ಲ. ಮತ್ತೆ ದೊಡ್ಡಪ್ಪನ ಎಕ್ಸ್3 ಹಾಕಿ ಕಾಣಿಯೂರಿನ ಮನೆಯ ಹಳೆಯ ನಂಬರು ಕೊಟ್ಟೆ. ಅದು ಏನೂ ವಿಚಾರಿಸದೆ ಒಂದೊಂದೇ ಅಂಕೆ ಒತ್ತಿ, ಆ ಕಡೆಯಿಂದ ಯಾರೋ ಎತ್ತುತ್ತಾರೆಂಬಂತೆ ಕಾಯುತ್ತ ಕೂತಿತು. ನಾನೂ ಕೂತೆ.