ಬಳೆ ಬಿಚ್ಚಿಸುವ ಮುನಿನಾರಾಯಣಮ್ಮ

ಬಂಗಾರಪೇಟೆಯ ಹೊರಗಿನ ಮಾವಿನ ತಿರುಳಿನ ಕಾರ್ಖಾನೆಗೆ ನವ್ಯ ಕೆಲಸಕ್ಕೆ ಬಂದ ದಿನ, ಮೇಸ್ತ್ರಿ ಮುನಿನಾರಾಯಣಮ್ಮ ಅವಳ ಹೆಸರನ್ನೂ ಕೇಳಲಿಲ್ಲ, ಊರನ್ನೂ ಕೇಳಲಿಲ್ಲ.

"ಬಳೆ ಬಿಚ್ಚು."

ಆಂಡರ್ಸನ್‌ಪೇಟೆಯ ನವ್ಯಳಿಗೆ ಮದುವೆಯಾಗಿ ತಿಂಗಳು ತುಂಬಿರಲಿಲ್ಲ. ಕೈತುಂಬ ಹಸಿರು ಗಾಜಿನ ಬಳೆ. "ಬರಿಗೈ ಅಪಶಕುನ ಅಂತ ಅತ್ತೆ ಬೈತಾರೆ ಅಕ್ಕಾ."

"ನಿಮ್ಮತ್ತೆ ಬಂದು ಮಾವಿನಣ್ಣು ಕೊಯ್ತಾಳಾ? ಬಿಚ್ಚಮ್ಮ."

ಪ್ರತಿ ಸುಗ್ಗಿಗೂ ಇದೇ ಗೋಳು. ಹುಡುಗಿಯರು ಎದುರಿಗೆ ಬಿಚ್ಚುವರು, ಬೆನ್ನು ತಿರುಗಿಸಿದೊಡನೆ ತೊಡುವರು. ಕೂಗಿ ಕೂಗಿ ಮುನಿನಾರಾಯಣಮ್ಮನ ಗಂಟಲು ಒಡೆದ ತಮಟೆಯಾಗಿತ್ತು. ಆಕೆಯ ತಂದೆ ನಂದಿದುರ್ಗದ ಚಿನ್ನದ ಗಣಿಯಲ್ಲಿ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವನು. ಆ ಭಯವೆಲ್ಲ ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗುತ್ತಿತ್ತು.

ಒಂದು ಮಧ್ಯಾಹ್ನ ನವ್ಯಳ ಮಣಿಕಟ್ಟಿನಲ್ಲಿ ಕೆಂಪು ಗೀರು ಕಂಡಿತು. ಮೇಲಂಗಿಯೊಳಗೆ ಬಚ್ಚಿಟ್ಟ ಬಳೆ ಒಡೆದಿದೆ ಎಂದು ತಿಳಿಯಲು ಜೋಯಿಸರು ಬೇಕಿರಲಿಲ್ಲ. ಮುನಿನಾರಾಯಣಮ್ಮ ಯಂತ್ರ ನಿಲ್ಲಿಸಿದಳು. ಆದರೆ ಬೆಳಗ್ಗೆ ತುಂಬಿದ ಡಬ್ಬಿಗಳು ಆಗಲೇ ಲಾರಿ ಏರುತ್ತಿದ್ದವು. ಗಾಜು ತಿರುಳಿಗೆ ಬಿದ್ದದ್ದು ಈಗಲೋ, ಬೆಳಗ್ಗೆಯೋ?

"ಯಾವಾಗ ಒಡೀತೇ? ಬಾಯಿ ಬಿಡೇ!"

"ಬಳೇನೇ ಇರ್ಲಿಲ್ಲಕ್ಕಾ. ಪೆಟ್ಟಿಗೆ ತಗುಲ್ತು."

ಅಕ್ಕಪಕ್ಕದವರೆಲ್ಲ ತಲೆ ತಗ್ಗಿಸಿದರು. ಆಗ ಮುನಿನಾರಾಯಣಮ್ಮನಿಗೆ ಮನೆಯ ಹಸು ಗೌರಿ ನೆನಪಾದಳು. ಗದರಿದ ದಿನ ಗೌರಿ ಹಾಲು ಏರಿಸಿಕೊಂಡು ಕಲ್ಲಿನಂತೆ ನಿಲ್ಲುವಳು. ಬೆನ್ನು ಸವರಿದರಷ್ಟೇ ಹಾಲು ಇಳಿಸುವಳು. ಇವಳಿಗೂ ಆ ಸೇವೆ ಆಗಬೇಕೆ ಎಂದು ಸಿಡುಕುತ್ತಲೇ ಪಕ್ಕದಲ್ಲಿ ಕುಕ್ಕರಿಸಿ, ಗಾಯ ತೊಳೆದಳು.

"ಉರೀತೈತಾ?"

"ಸ್ವಲ್ಪ."

"ಮದುವೆಯಾದ ಒಸದ್ರಾಗೆ ಬಳೆ ಬಿಚ್ಚಕ್ಕೆ ನಾನೂ ಅತ್ತಿದ್ದೆ. ಎದರ್ಕೋಬೇಡ ತಾಯಿ, ಇನ್ನು ಕೂಗಲ್ಲ. ಕೂಗಕ್ಕೆ ಗಂಟಲೇ ಉಳಿದಿಲ್ಲ."

ನವ್ಯ ನಕ್ಕಳು, ನಗುತ್ತಲೇ ಅತ್ತಳು. "ಬೆಳಗ್ಗೆ, ಟೀಗೆ ಮುಂಚೆ. ಚೂರು ಸಿಗ್ಲಿಲ್ಲಕ್ಕಾ."

ಲಾರಿಗೆ ತುಂಬುವುದು ನಿಂತಿತು. ಬೆಳಗಿನ ಡಬ್ಬಿಗಳೆಲ್ಲ ಕೆಳಗಿಳಿದವು. ಮ್ಯಾನೇಜರ್ ಶ್ರೀಧರ್ ಕುದಿಯುತ್ತ ಬಂದರು. "ಆ ಹುಡುಗೀನ ಈಗಲೇ ಮನೆಗೆ ಕಳಿಸಿ."

"ಕಳಿಸೋಣ ಸಾರ್. ನಾಳೆ ಇನ್ನೊಬ್ಬಳ ಬಳೆ ಒಡೀತದೆ. ಅವಳು ಬಂದು ಯೋಳ್ತಾಳಾ?"

ಶ್ರೀಧರ್ ತಗ್ಗಿದ ತಲೆಗಳ ಸಾಲನ್ನು ನೋಡಿದರು. ಏನೋ ಗೊಣಗಿಕೊಂಡು ಹಿಂತಿರುಗಿದರು. ನವ್ಯ ಉಳಿದಳು.

ಈಗ ಮುನಿನಾರಾಯಣಮ್ಮ ದಿನವೂ ಅರಿಶಿನದ ದಾರದ ಉಂಡೆ ಹಿಡಿದು ಬಾಗಿಲಲ್ಲಿ ಕೂರುತ್ತಾಳೆ. ಬಳೆ ಬಿಚ್ಚಿದವರ ರಟ್ಟೆಗೆ, ಮೇಲಂಗಿಯೊಳಗೆ ಮುಚ್ಚುವಂತೆ, ಒಂದೆಳೆ ಕಟ್ಟುತ್ತಾಳೆ. ಬರಿಗೈ ಎಂದು ಅತ್ತೆಯರು ಆಡಿಕೊಳ್ಳುವಂತಿಲ್ಲ. ಗೊಣಗಾಟವೇನೂ ನಿಂತಿಲ್ಲ. ನಿನ್ನೆ ಒಬ್ಬಳು ತಾನಾಗಿಯೇ ಓಡಿಬಂದು, "ಅಕ್ಕಾ, ಕಿವಿಯೋಲೆ ಕಾಣ್ತಿಲ್ಲ, ಹಣ್ಣಿನೊಳಗೆ ಬಿದ್ದಿರ್ಬೇಕು" ಎಂದಳು. ಮುನಿನಾರಾಯಣಮ್ಮ ಹಣೆ ಚಚ್ಚಿಕೊಂಡಳು. ಬೈಯಲು ಬಾಯಿ ತೆರೆದಳು, ಮುಚ್ಚಿದಳು, ಯಂತ್ರ ನಿಲ್ಲಿಸಲು ಎದ್ದು ನಡೆದಳು.