ಎತ್ತಿನ ಚರ್ಮದ ಮೇಲೆ ಇಳಿದ ಹಕ್ಕಿ

ಆ ಕೊರಕಲಿನಿಂದ ಎರ್ಮೆಲಿಂದಾ ಪೈನೆಫಿಲ್ ಇಳಿಸದ ವಸ್ತುವಿಲ್ಲ. ಸೌದೆ ಇಳಿಸಿದ್ದಳು, ಹಿಮಕ್ಕೆ ಸಿಕ್ಕ ಕುರಿಗಳನ್ನು ಇಳಿಸಿದ್ದಳು, ಕಾಲು ಮುರಿದುಕೊಂಡು ಬಿದ್ದಿದ್ದ ಗಂಡ ಸೆಗುಂದೊನನ್ನೂ ಎತ್ತಿನ ಚರ್ಮದ ಮೇಲೆ ಮಲಗಿಸಿ, ಬಿಗಿದು ಕಟ್ಟಿ ಇಳಿಸಿದ್ದಳು. ದಾರಿಯುದ್ದಕ್ಕೂ ಅವನು ಬೈಯುತ್ತಲೇ ಬಂದನಂತೆ. "ಬೈಯೋಕೆ ಉಸಿರಿದೆ ಅಂದ್ರೆ ಸಾಯಲ್ಲ ಬಿಡು" ಎಂದು ಇವಳು ಕುದುರೆಯ ಮೇಲಿಂದಲೇ ಹೇಳಿದ್ದಳು. ಕಾಲು ಕೂಡಿಕೊಂಡಿತು, ಎಷ್ಟೋ ಮದುವೆಗಳಲ್ಲಿ ಕುಣಿದು, ಆಮೇಲೆ ಅವನು ಹಾಸಿಗೆಯಲ್ಲೇ ನೆಮ್ಮದಿಯಾಗಿ ಹೋದ.

ನಮ್ಮ ಪತಗೋನಿಯಾದ ಈ ಮೂಲೆಯಲ್ಲಿ ಚಕ್ರ ಉರುಳುವ ದಾರಿ ಕಡಿಮೆ. ಭಾರವನ್ನು ಎತ್ತಿನ ಇಡೀ ಚರ್ಮದ ಮೇಲಿಟ್ಟು, ಕೂದಲ ಮಗ್ಗುಲನ್ನು ನೆಲಕ್ಕೆ ಮಾಡಿ, ಕುದುರೆಗೆ ಕಟ್ಟಿ ಎಳೆಯುತ್ತೇವೆ.

ಕಲ್ಲಾಗಿಹೋದ ಆ ಹಕ್ಕಿಯ ತಲೆಯನ್ನು ಮೊದಲು ಕಂಡವಳೂ ಎರ್ಮೆಲಿಂದಾಳೇ. ತಪ್ಪಿಸಿಕೊಂಡ ಆಡನ್ನು ಹುಡುಕುತ್ತ ಹತ್ತಿದಾಗ ಬೂದುಬಂಡೆಯಿಂದ ಕೊಕ್ಕಿನ ತುದಿ ಹೊರಗೆ ಚಾಚಿತ್ತು. ಪಟ್ಟಣದ ವಸ್ತುಸಂಗ್ರಹಾಲಯದಿಂದ ರೋಮಿನಾ ಎಂಬ ಹುಡುಗಿ ಬಂದು, ಬೇಸಿಗೆಯೆಲ್ಲ ಉಳಿ ಕುಂಚ ಹಿಡಿದು ಕೂತು, ಬುರುಡೆಯನ್ನು ಸುತ್ತಲಿನ ಕಲ್ಲಿನ ಸಮೇತ ಬಿಡಿಸಿ ಗೋಣಿ, ಪ್ಲಾಸ್ಟರಿನಲ್ಲಿ ಸುತ್ತಿದಳು.

"ಕೆಲೆನ್ಕೆನ್ ಕುಲದ್ದು ಇರ್ಬೇಕು. ಹಾರ್ತಿರಲಿಲ್ಲ, ಓಡಿ ಬೇಟೆ ಆಡ್ತಿತ್ತು. ಮನುಷ್ಯನಿಗಿಂತ ಎತ್ತರ. ಒಂದೂವರೆ ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಇದರದೇ ದರ್ಬಾರು" ಎಂದಳು ರೋಮಿನಾ.

"ಕುರಿ ತಿಂತಿತ್ತಾ?"

"ಆಗ ಕುರಿ ಎಲ್ಲಿತ್ತು ದೋನ್ಯಾ ಎರ್ಮೆಲಿಂದಾ!"

"ಹಾಗಾದ್ರೆ ನನಗೂ ಅದಕ್ಕೂ ಜಗಳ ಇಲ್ಲ."

ಕಷ್ಟ ಬಂದದ್ದು ಇಳಿಸುವಾಗ. ಗಂಟು ಕುದುರೆಯಷ್ಟು ತೂಗುತ್ತಿತ್ತು. ಹಿಮ ಬೀಳುವ ಲಕ್ಷಣ ಕಾಣುತ್ತಿತ್ತು. ನೀರು ಬಿರುಕಿಗಿಳಿದು ಹೆಪ್ಪುಗಟ್ಟಿದರೆ ಮೂಳೆ ಸೀಳಿಹೋಗುತ್ತದೆ. ಕೆಳಗೆ ಹೊಳೆಯ ಬಳಿ ಲಾರಿ ಬಂದು ನಿಂತಿತ್ತು, ಸಂಜೆಗೆ ಹೊರಡಲೇಬೇಕು. ಕೊಯ್ದು ತುಂಡು ಮಾಡಿ ಒಯ್ಯುವುದೊಂದೇ ದಾರಿ ಎಂದು ರೋಮಿನಾ ಗರಗಸ ತೆಗೆದಳು.

"ಒಳಗಿಡು ಅದನ್ನ. ನನ್ನ ನೆಲದಿಂದ ಅದು ಇಡಿಯಾಗೇ ಹೋಗುತ್ತೆ. ಗಂಡನ್ನೇ ಇಳಿಸಿದೋಳು, ಹಕ್ಕಿ ಯಾವ ಲೆಕ್ಕ?" ಎಂದಳು ಎರ್ಮೆಲಿಂದಾ.

ಮೈದುನ ಫಿದೆಲ್ ಬಂಡೆಗೊರಗಿ ಮಾತೆ ಎಂಬ ಕಹಿ ಸೊಪ್ಪಿನ ಕಷಾಯ ಹೀರುತ್ತಿದ್ದ. "ಅತ್ತಿಗೆ, ಅಣ್ಣನ ತೂಕ ಇದ್ದದ್ದು ಬಾಯಲ್ಲಿ. ಇದು ಕಲ್ಲು."

"ನಿನ್ನ ತಲೆನೂ ಅದೇ. ಆದ್ರೂ ಇಷ್ಟು ವರ್ಷ ಸಂಭಾಳಿಸಿಲ್ವಾ? ಏಳು, ಹಗ್ಗ ಹಿಡಿ."

ಒಂದು ಹಿಡಿ ಮಾತೆಸೊಪ್ಪನ್ನು ನೆಲಕ್ಕೆ ಚೆಲ್ಲಿ, ಬೆಟ್ಟದ ಒಡೆಯನಾದ ದೈವದ ಅಪ್ಪಣೆ ಕೇಳಿದಳು. ಸೌದೆ ಎಳೆಯುವ ಹಳೇ ಚರ್ಮವನ್ನು ಹಾಸಿ, ಲಾರಿಯ ಆಳುಗಳೂ ಸೇರಿ ಎಲ್ಲರೂ ಗಂಟನ್ನು ಮೇಲಕ್ಕೆ ಹೊರಳಿಸಿದರು. ಇಳಿಜಾರಿನಲ್ಲಿ ಕುದುರೆ ಹಿಂದಿರಬೇಕು, ಹಗ್ಗ ಜಗ್ಗಿ ಹಿಡಿಯಬೇಕು. ಕುದುರೆ ಮೊರೊ ಕಿವಿ ಹಿಂದಕ್ಕೆ ಮಾಡಿ ನಿಂತಿತು. ಅವಳು "ಹೂಂ" ಎಂದಳು.

ಅರೆಕ್ಷಣದಲ್ಲಿ ಗಂಟು ಜಾರಿತು. ಮೊರೊ ಹಿಂಗಾಲು ಊರಿ ಕೂತರೂ ಗಂಟು ಅದನ್ನು ಜಲ್ಲಿಯ ಮೇಲೆ ಎಳೆದುಕೊಂಡೇ ಹೋಯಿತು. ಕಲ್ಲಿನ ಗುಡ್ಡೆಯೊಂದು ಅಡ್ಡ ಸಿಕ್ಕಿ ಧಡ್ಡೆಂದು ನಿಂತದ್ದು ಪುಣ್ಯ. ಅದರಿಂದಾಚೆಗೆ ಬರೀ ಪ್ರಪಾತ.

ರೋಮಿನಾ ಓಡಿಹೋಗಿ ಪ್ಲಾಸ್ಟರನ್ನು ತಡವಿದಳು. ಒಂದು ಅಂಚು ಉದುರಿತ್ತು, ಒಳಗೆ ಏನೂ ಆಗಿರಲಿಲ್ಲ.

"ನಿನ್ನ ಕಟ್ಟು ಗಟ್ಟಿ ಮಗಳೇ, ನಾನು ಹಾಸಿದ್ದೇ ಬೋಳು" ಎಂದು ಎರ್ಮೆಲಿಂದಾ ಚರ್ಮವನ್ನು ಮಗುಚಿ ನೋಡಿದಳು. ವರ್ಷಾನುಗಟ್ಟಲೆ ಸೌದೆ ಎಳೆದು ಕೂದಲೆಲ್ಲ ಸವೆದಿತ್ತು. ಕೂದಲಿದ್ದಿದ್ದರೆ ಅದನ್ನು ಎದುರುಮುಖ ಮಾಡಿ, ಬಾಲದ ಕಡೆ ಮುಂದಾಗಿ ಹಾಸಬಹುದಿತ್ತು. ಆಗ ಕೂದಲು ನಿಮಿರಿ ನೆಲವನ್ನು ಕಚ್ಚಿ ಹಿಡಿಯುತ್ತದೆ.

"ಈಗಲಾದ್ರೂ ಕೊಯ್ಯೋಣ್ವಾ?" ಎಂದ ಫಿದೆಲ್, ಮೆತ್ತಗೆ.

ಅವಳು ಇನ್ನೊಂದು ಕುದುರೆ ಹತ್ತಿ ಮನೆಗೆ ಇಳಿದಳು. ಅವಳ ಮಂಚದ ಮೇಲೆ ಓವೆರೊನ ಚರ್ಮವಿತ್ತು. ಓವೆರೊ ಅವಳ ಮಚ್ಚೆಯ ಎತ್ತು. ಮದುವೆಯಾದ ಹೊಸದರಲ್ಲಿ ಮನೆಯ ಕಲ್ಲನ್ನೆಲ್ಲ ಎಳೆದದ್ದು ಅದೇ. ನಡುಚಳಿಗಾಲದಲ್ಲಿ ವಯಸ್ಸಾಗಿ ಸತ್ತಾಗ ಅವಳೇ ಸುಲಿದು ಹದ ಮಾಡಿದ್ದಳು. ಬೆರಳು ಮುಳುಗುವಷ್ಟು ಕೂದಲು. ಅದನ್ನು ಒಮ್ಮೆಯೂ ನೆಲಕ್ಕೆ ಹಾಕಿದವಳಲ್ಲ; ಗಂಡ ಬೂಟು ಹಾಕಿಕೊಂಡು ಕೂತರೆ ಮಂಚದಿಂದಲೇ ದಬ್ಬುತ್ತಿದ್ದಳು.

ಚರ್ಮದ ಸುರುಳಿ ಹೊತ್ತು ಅವಳು ಮರಳಿದಾಗ ಫಿದೆಲ್ ಎದ್ದು ನಿಂತ. "ಅತ್ತಿಗೆ, ಓವೆರೊ ಬೇಡ."

"ಕೆಲಸ ಮಾಡಿ ಬೆಳೆದ ಎತ್ತು, ಮಲಗಿ ಬೇಜಾರಾಗಿರುತ್ತೆ. ಬಾಲ ಈ ಕಡೆ ತಿರುಗಿಸು."

ಈ ಸಲ ಗಂಟು ಜಾರಲಿಲ್ಲ. ಮೊರೊ ಸಡಿಲಿಸಿದಷ್ಟೇ ಇಳಿಯಿತು, ಬಿಗಿದಲ್ಲಿ ನಿಂತಿತು. ಹಿಂದೆ ನೆಲದ ಮೇಲೆ ಬಿಳಿ, ಕೆಂಚು ಕೂದಲು ಗೆರೆ ಎಳೆದಂತೆ ಉಳಿಯುತ್ತ ಬಂತು. ಎರ್ಮೆಲಿಂದಾ ಆ ಕಡೆ ನೋಡಲಿಲ್ಲ. ಕೊಕ್ಕು ಮುಂದಾಗಿದ್ದ ಗಂಟನ್ನೇ ನೋಡುತ್ತ, "ಹಾಗೇ, ಮೆಲ್ಲಗೆ, ನಿನಗೇನು ಅವಸರ" ಎನ್ನುತ್ತಿದ್ದಳು.

ಹೊತ್ತು ವಾಲುವ ಮೊದಲು ಗಂಟು ಲಾರಿಯ ಬಳಿ ಬಂತು. ರೋಮಿನಾ ಅತ್ತು, ನಕ್ಕು, ಅವಳನ್ನು ತಬ್ಬಿಕೊಂಡಳು. ಫಿದೆಲ್ ಚರ್ಮದ ಅಂಚು ಎತ್ತಿ ನೋಡಿದ. ಅಂಗೈಯಂತೆ ಬೋಳಾಗಿ, ನಡುವೆ ತೂತು ಬಿದ್ದಿತ್ತು.

"ಹೊಸದೊಂದು ಹದ ಮಾಡಿಕೊಡ್ತೀನಿ ಅತ್ತಿಗೆ."

"ನೀನು ಹದ ಮಾಡಿದ ಚರ್ಮದ ಮೇಲೆ ನಾಯಿನೂ ಮಲಗಲ್ಲ. ಎತ್ರಪ್ಪಾ, ಚರ್ಮ ಸಮೇತ ಎತ್ತಿ. ಹಕ್ಕಿ ಕೆಳಗೆ ಮೆತ್ತಗಿರ್ಲಿ."

ಗಂಟು ಮೇಲೇರಿದ್ದೇ ಅವಳೂ ಲಾರಿಯ ಹಿಂಬದಿ ಹತ್ತಿ, ಪ್ಲಾಸ್ಟರಿಗೆ ತೋಳು ಹಾಕಿ ಕೂತಳು.

"ಎಲ್ಲಿಗೆ?" ಎಂದು ಫಿದೆಲ್ ಕೂಗಿದ.

"ಪಟ್ಟಣಕ್ಕೆ. ತಿರುವಿನಲ್ಲಿ ಇದನ್ನ ಹಿಡ್ಕೊಳ್ಳೋರು ಬೇಡ್ವಾ? ನೀನು ಕುರಿ ನೋಡ್ಕೋ. ಹೂಂ, ಲಾರಿ ಬಿಡಿ."