ಗೋಡೆಯಾಚೆ ಹಾರಿದ ಕಿಡಿ

ಕಳೆದ ರವಿವಾರ ಸಂಜೆ ಐದು ಗಂಟೆಗೆ ನನ್ನ ಕೈಯಲ್ಲಿ ಬೀಸಣಿಗೆ ಇತ್ತು. ಐದೂಕಾಲಿಗೆ ಬೇವೂರಿನ ರೈತನೊಬ್ಬನ ಹತ್ತಿ ಚಕ್ಕಡಿ ಹೊತ್ತಿ ಉರಿಯುತ್ತಿತ್ತು.

ಈ ಕಾಲು ಗಂಟೆಯಲ್ಲಿ ಏನು ನಡೆಯಿತು ಎಂಬುದನ್ನು ಬಾಗಲಕೋಟೆಯಲ್ಲಿ ಈಗ ಹತ್ತು ಥರ ಹೇಳುತ್ತಿದ್ದಾರೆ. ಹತ್ತನ್ನೂ ಕೇಳಿಸಿಕೊಂಡಿದ್ದೇನೆ. ಒಂದರಲ್ಲಂತೂ ನಾನು ಉರಿಯುವ ಚಕ್ಕಡಿಯ ಮೇಲೆ ಹಾರಿದ ಧೀರ! (ಅದನ್ನು ಹಬ್ಬಿಸಿದವರು ನಮ್ಮ ಮಾವನವರೇ ಇರಬೇಕು.) ನಡೆದದ್ದನ್ನು ನಡೆದ ಹಾಗೆ ನಾನೇ ಬರೆದುಬಿಡುತ್ತೇನೆ. ವಾರವಾರವೂ ಪತ್ರಿಕೆಯ ಇದೇ ಅಂಕಣದಲ್ಲಿ ಕೂತು ಊರವರ ತಪ್ಪುಗಳನ್ನು ಎತ್ತಿ ಆಡುತ್ತೇನಲ್ಲ, ಈ ವಾರ ನನ್ನ ಪಾಳಿ.

ನಮ್ಮೂರಿಗೆ ಹತ್ತಿ ಕೊಳ್ಳಲು ಜಪಾನಿನಿಂದ ಒಬ್ಬರು ಬಂದಿದ್ದಾರೆ. ಹೆಸರು ತನಾಕಾ. ಊರ ಬಾಯಲ್ಲಿ ಅದು 'ತನಕ' ಆಗಿದೆ. "ಎಲ್ಲೀತನಕ ಸಾಹೇಬ್ರ?" ಎಂದು ಪೇಟೆಯ ಪುಂಡರು ಕೂಗುತ್ತಾರೆ. ಕ್ಷೇಮ ಕೇಳಿದರೆಂದೇ ತಿಳಿದು ತನಾಕಾ ಮುಗುಳ್ನಕ್ಕು ಮುಂದೆ ಹೋಗುತ್ತಾರೆ.

ಹತ್ತಿ ಗಿರಣಿಗೆ ಹೋಗುವ ರಸ್ತೆಯಲ್ಲಿ ಅವರ ಬಾಡಿಗೆ ಮನೆ. ಹೆಂಡತಿ, ತಾಯಿ ಇಬ್ಬರೂ ಸಮುದ್ರದಾಚೆ. ತನಾಕಾ ಅವರಿಗೆ ಕನ್ನಡ ಬಾರದು, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ. ನಾನೋ ಇಂಗ್ಲಿಷ್ ಸಾಲೆಯ ಮಾಸ್ತರ. ಹೀಗಾಗಿ ಸಾಲೆ ಬಿಟ್ಟ ಮೇಲೆ ಅವರ ಇಂಟರ್‌ಪ್ರಿಟರ್ ನಾನೇ. ಪೇಟೆಯವರು ಹೇಳಿದ್ದನ್ನು ಅವರಿಗೆ ಹೇಳುವುದು, ಅವರು ಹೇಳಿದ್ದನ್ನು ಪೇಟೆಗೆ ಹೇಳುವುದು. ಈ ಕೆಲಸದಲ್ಲಿ ನನಗೆ ಒಂದಿಷ್ಟು ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅವರು ಬಂದ ಹೊಸದರಲ್ಲಿ ಒಂದು ದಿನ ಊಟಕ್ಕೆ ಮನೆಗೆ ಕರೆದಿದ್ದೆ. ಒಳಗೆ ನನ್ನಾಕೆ ಬಜ್ಜಿ ಮಾಡಲು ಕೆಂಡದಲ್ಲಿ ಬದನೆಕಾಯಿ ಸುಡುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂತು. ಮಾತಾಡುತ್ತಿದ್ದ ತನಾಕಾ ಒಳಬಾಗಿಲ ಕಡೆ ತಿರುಗಿದರು. ಕಣ್ಣಲ್ಲಿ ನೀರು. ಹೊಗೆ ತಾಕಿತೇನೋ ಎಂದು ನಾನು ಕಿಟಕಿ ತೆಗೆಯಲು ಎದ್ದೆ.

"ಬೇಡ, ತೆಗೆಯಬೇಡಿ. ನನ್ನ ತಾಯಿಯೂ ಹೀಗೇ ಸುಡುತ್ತಾಳೆ" ಎಂದರು.

ಸುಟ್ಟ ಬದನೆಕಾಯಿ ನಮ್ಮ ಕಡೆಯವರದೇ ಸ್ವತ್ತು ಎಂದುಕೊಂಡಿದ್ದವನಿಗೆ ಹೇಗಾಗಬೇಡ? ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾದ ಊರಿನಲ್ಲೂ ಒಬ್ಬ ತಾಯಿ ಕೆಂಡದ ಮುಂದೆ ಕೂತು ಬದನೆಕಾಯಿ ಮಗುಚುತ್ತಾಳೆ!

ಆ ದಿನದಿಂದ ಪ್ರತಿ ರವಿವಾರ ತನಾಕಾ ಅವರ ಹಿತ್ತಲಲ್ಲಿ ನಮ್ಮ ಕೂಟ. ಮೂರನೆಯವರು ಹುಸೇನಸಾಬ. ಇಳಕಲ್ಲಿನವರು, ಗಿರಣಿಯಲ್ಲಿ ಎಂಜಿನ್ ಮಿಸ್ತ್ರಿ. ಕುಂಬಾರನಿಂದ ಇದ್ದಿಲು ಉರಿಸುವ ಮಣ್ಣಿನ ಶೇಗಡಿ ಮಾಡಿಸಿ ತಂದವರೂ ಅವರೇ, ಅದರ ಮೇಲಿಡಲು ತಂತಿಯ ಜಾಳಿಗೆ ಹೆಣೆದವರೂ ಅವರೇ. ಬದನೆಕಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಸಿಕ್ಕಾಗ ಗೋವಿನಜೋಳದ ತೆನೆ. ಎಲ್ಲವೂ ಜಾಳಿಗೆಯ ಮೇಲೆ. ತನಾಕಾ ತಮ್ಮೂರಿನಿಂದ ತಂದ ಬಾಟಲಿಯೊಂದರಿಂದ ಕಪ್ಪು ರಸವನ್ನು ಬದನೆಯ ಮೇಲೆ ಹನಿ ಎಣಿಸಿ ಹಾಕುವರು. ಮುಗಿದರೆ ಮತ್ತೆ ಸಿಗಬೇಕಲ್ಲ? ಹುಸೇನಸಾಬರದು ಖಾರಪುಡಿ, ಹಸಿ ಎಣ್ಣೆ. ನನ್ನದು ಎರಡೂ.

ಪರದೇಶದಲ್ಲಿ ಇರುವವರಿಗೆ ತಮ್ಮ ದೇಶದ ದೊಡ್ಡ ದೊಡ್ಡ ಸಂಗತಿಗಳು ನೆನಪಾಗುತ್ತವೆ ಎಂದು ನಾನು ತಿಳಿದಿದ್ದೆ. ಅರಮನೆ, ಗುಡಿ, ಬೆಟ್ಟ. ಆದರೆ ತನಾಕಾ ಹೇಳುತ್ತಿದ್ದದ್ದು ಇಷ್ಟೇ: ತಾಯಿ ಬಿಸಿ ಬದನೆಯ ಸಿಪ್ಪೆ ಸುಲಿಯುವಾಗ ನಡುನಡುವೆ ಬೆರಳನ್ನು ಕಿವಿಗೆ ಒತ್ತಿಕೊಂಡು ತಂಪು ಮಾಡಿಕೊಳ್ಳುತ್ತಾಳೆ. ಅದನ್ನು ಹೇಳುವಾಗ ಅವರ ಬೆರಳೂ ಕಿವಿಗೆ ಹೋಗುತ್ತಿತ್ತು.

ಇರಲಿ. ರವಿವಾರಕ್ಕೆ ಬರುತ್ತೇನೆ.

ಈಗ ಹತ್ತಿ ಬಿಡಿಸುವ ಕಾಲ. ಹುನಗುಂದದ ಕಡೆಯಿಂದ, ಬೇವೂರಿನ ಕಡೆಯಿಂದ ಬಂದ ಚಕ್ಕಡಿಗಳು ಗಿರಣಿಯ ಬಾಗಿಲಿನಿಂದ ತನಾಕಾ ಅವರ ಮನೆಯ ಮುಂದನ್ನೂ ದಾಟಿ ಸಾಲುಗಟ್ಟಿ ನಿಂತಿದ್ದವು. ಪ್ರತಿ ಚಕ್ಕಡಿಯ ಮೇಲೂ ಆಳೆತ್ತರದ ಅಂಡಿಗೆಗಳು, ಅಂದರೆ ಹತ್ತಿ ತುರುಕಿದ ದೊಡ್ಡ ಚೀಲಗಳು. ಮನೆಯ ಮುಂದಿನ ಅಂಗಳಕ್ಕೂ ರಸ್ತೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಈ ಕಾರಣಕ್ಕೇ ತನಾಕಾ ಶೇಗಡಿಯನ್ನು ಯಾವಾಗಲೂ ಮನೆಯ ಹಿಂದೆ, ಬಾವಿಯ ಪಕ್ಕ ಇಡುತ್ತಿದ್ದರು.

ಅವತ್ತು ಬಾದಾಮಿ ಗುಡ್ಡದ ಕಡೆಯಿಂದ ಬಂದ ಇದ್ದಿಲು ಹಸಿಯಾಗಿತ್ತು. ಹೊತ್ತುವುದಿಲ್ಲ, ಬರೀ ಹೊಗೆ. ಗಾಳಿ ತಿರುಗಿ ಹೊಗೆಯೆಲ್ಲ ನನ್ನ ಮುಖಕ್ಕೆ. ಹುಸೇನಸಾಬರು ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

"ಮುಂದಿನ ಅಂಗಳಕ್ಕೆ ಒಯ್ಯೋಣ" ಎಂದೆ.

ತನಾಕಾ ರಸ್ತೆಯ ಕಡೆ ನೋಡಿದರು. "ಹತ್ತಿ ಇದೆ" ಎಂದರು.

"ಗೋಡೆಯೂ ಇದೆಯಲ್ಲ!" ಎಂದೆ.

ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತು? ಮಾಸ್ತರರ ರೋಗವೇ ಇದು. ಪ್ರಶ್ನೆ ಮುಗಿಯುವ ಮೊದಲೇ ನಮ್ಮಲ್ಲಿ ಉತ್ತರ ತಯಾರು. ಅವರು ಇನ್ನೇನೋ ಹೇಳುವುದರೊಳಗೆ ಶೇಗಡಿ ಎತ್ತಿ ಮುಂದಿನ ಅಂಗಳಕ್ಕೆ ತಂದಿಟ್ಟೆ. ಬೀಸಣಿಗೆ ಹಿಡಿದು ಜೋರಾಗಿ ಬೀಸಿದೆ. ಇದ್ದಿಲು ಚಟಪಟ ಎಂದಿತು. ಜೋಳದ ಕಾಳಿನಷ್ಟು ಕಿಡಿಯೊಂದು ಮೇಲೆದ್ದಿತು, ಗಾಳಿಯಲ್ಲಿ ಒಮ್ಮೆ ಸುತ್ತಿತು, ಗೋಡೆಯಾಚೆ ಹೋಯಿತು.

ನಾನು ನೋಡಿದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು: ನಾನು ನೋಡಿದೆ. ಆರಿಹೋಗುತ್ತದೆ ಅಂದುಕೊಂಡು ಬದನೆಕಾಯಿ ಮಗುಚಿದೆ.

ಸ್ವಲ್ಪ ಹೊತ್ತಿಗೆ ರಸ್ತೆಯಿಂದ ಯಾರೋ ಚೀರಿದರು.

ಓಡಿ ಹೋಗಿ ನೋಡಿದರೆ ಸಾಲಿನ ಮೂರನೆಯ ಚಕ್ಕಡಿಯ ಮೇಲಿನ ಅಂಡಿಗೆ ಹೊಗೆಯಾಡುತ್ತಿದೆ. ಚಕ್ಕಡಿಯ ಕೆಳಗೆ ಮಲಗಿದ್ದ ರೈತ ಎದ್ದವನೇ ಮೇಲೇರಿ ಕಂಬಳಿಯಿಂದ ಬಡಿಯುತ್ತಿದ್ದಾನೆ. ಬಡಿದಷ್ಟೂ ಬೆಂಕಿ ಕೆರಳುತ್ತಿದೆ. ಎತ್ತುಗಳೆರಡನ್ನೂ ಗಾಲಿಗೆ ಕಟ್ಟಿದ್ದ. ಅವು ಬೆದರಿ ಜಗ್ಗಾಡಿ ಹಗ್ಗದ ಗಂಟು ಬಿಗಿದುಹೋಗಿತ್ತು. ಹಿಂದೆ ಇಪ್ಪತ್ತೋ ಮೂವತ್ತೋ ಚಕ್ಕಡಿ. ಮುಂದೆ ಗಿರಣಿ, ಗಿರಣಿಯೊಳಗೆ ಗುಡ್ಡದಂತೆ ಒಟ್ಟಿದ ಅರಳೆ. ಒಂದು ಚಕ್ಕಡಿಯಿಂದ ಇನ್ನೊಂದಕ್ಕೆ ಹಬ್ಬಲು ಎಷ್ಟು ಹೊತ್ತು ಬೇಕು?

ತನಾಕಾ ಕೊಡದಲ್ಲಿ ನೀರು ತಂದು ಎರಚಿದರು. ಹೊರಗೆ ಆರಿದಂತೆ ಕಂಡಿತು. ಹುಸೇನಸಾಬರು ಉಳ್ಳಾಗಡ್ಡಿಯ ಚಾಕು ಹಿಡಿದೇ ಓಡಿ ಬಂದರು.

"ನೀರಿಂದ ಆರೂದಿಲ್ಲ, ಒಳಗ ಇನ್ನೂ ಉರಿಯಾಕ್ಹತ್ತೇತಿ! ಬಡೀಬ್ಯಾಡೋ ತಮ್ಮಾ, ಕೆಳಗ ಕೆಡವು! ಅಂಡಗಿ ಕೆಡವು!"

ಹೇಳುತ್ತಲೇ ಎತ್ತುಗಳ ಹಗ್ಗ ಕೊಯ್ದರು. ಎತ್ತುಗಳು ನಮ್ಮನ್ನು ನೂಕಿಕೊಂಡು ಹೊಲದ ಕಡೆ ಓಡಿದವು. ರೈತ ಮೇಲಿನಿಂದ ಒದ್ದ, ತನಾಕಾ ಮತ್ತು ಹುಸೇನಸಾಬರು ಕೆಳಗಿನಿಂದ ಜಗ್ಗಿದರು. ಅಂಡಿಗೆ ದೊಪ್ಪನೆ ಬಿದ್ದು ಬಾಯಿ ಬಿಟ್ಟಿತು. ಒಳಗಿನ ಹತ್ತಿ ಭಗ್ಗೆಂದಿತು. ಅದನ್ನು ಬಡಿಗೆಗಳಿಂದ ಉರುಳಿಸಿ ರಸ್ತೆಯಂಚಿನ ತಗ್ಗಿಗೆ ಕೆಡವಿದರು. ಉಳಿದ ರೈತರು ತಮ್ಮ ಚಕ್ಕಡಿಗಳನ್ನು ಕೈಯಿಂದಲೇ ಹಿಂದಕ್ಕೆ ಎಳೆದರು. ನಾನು ಮಣ್ಣು ತೋಡಿ ತೋಡಿ ಹಾಕಿದೆ. ಉಗುರು ಕಿತ್ತುಬಂದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಕೊನೆಗೆ ಒಂದೇ ಅಂಡಿಗೆಯ ನಷ್ಟಕ್ಕೆ ಮುಗಿಯಿತು. ರೈತನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ತನಾಕಾ ಅವರ ಒಂದು ಹುಬ್ಬು ಇರಲಿಲ್ಲ.

ಗಂಡಾಂತರ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಗಿರಣಿಯ ಮುಕಾದಮ ಬಂದ. ಚಕ್ಕಡಿಗಳ ಸಾಲು ನೋಡಿಕೊಳ್ಳುವವನು, ದನಿ ದೊಡ್ಡದು. ಮೊದಲ ಮಾತೇ, "ಯಾಂವಲೇ ಸೇದಿದಾಂವ?"

ಎಲ್ಲರ ಕಣ್ಣೂ ಆ ರೈತನ ಮೇಲೆ. ಹೆಸರು ಸಂಗಪ್ಪ. ಮುಕಾದಮ ಅವನ ಸೊಂಟಕ್ಕೆ ಕೈ ಹಾಕಿದ, ಚಿಲುಮೆ ಸಿಕ್ಕಿತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ನಾ ಮಲಗಿದ್ನಿರಿ ಸಾಹೇಬ್ರ" ಎಂದ ಸಂಗಪ್ಪ. ಸುಟ್ಟ ಕೈಯನ್ನು ಎದೆಗೆ ಅವಚಿಕೊಂಡಿದ್ದ. "ಮುಂಜಾನಿ ಊರಾಗ ಸೇದಿದ್ದು. ಆಮ್ಯಾಲ ಮುಟ್ಟಿಲ್ರಿ."

"ಮುಂಜಾನಿ ಕಿಡಿ ಸಂಜೀಮಟಾ ನಿನ್ನ ಕಾಯ್ಕೋತ ಕುಂತಿತ್ತೇನು? ಎಳೀರಿ ಇವನ್ನ ಪೊಲೀಸ್ ಚೌಕಿಗೆ. ಇನ್ನ ಮ್ಯಾಲ ಈ ಬಾಗಲಿಗೆ ನಿನ್ನ ಚಕ್ಕಡಿ ಬರಬಾರ್ದು!"

"ಇಂಥವ್ರಿಂದನ ಊರು ಸುಡೂದು" ಎಂದಿತು ಗುಂಪಿನ ಒಂದು ದನಿ.

ತನಾಕಾ ನನ್ನ ತೋಳು ಹಿಡಿದರು. "ಏನು ಹೇಳುತ್ತಿದ್ದಾರೆ?"

"ಬೆಂಕಿ ಹೇಗೆ ಹತ್ತಿತು ಎಂದು ಕೇಳುತ್ತಿದ್ದಾರೆ."

"ನಮ್ಮ ಒಲೆಯಿಂದ. ಹೇಳಿ."

"ಸ್ವಲ್ಪ ತಡೆಯಿರಿ" ಎಂದೆ.

ಏತಕ್ಕೆ ತಡೆಯಬೇಕಿತ್ತು? ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೆಡ್‌ಮಾಸ್ತರರ ಮುಖ ಬಂತು. ನಾಳೆ ಕ್ಲಾಸಿನಲ್ಲಿ ಹುಡುಗರು ಮುಸಿಮುಸಿ ನಗುವುದು ಕಂಡಿತು. ಈ ಅಂಕಣವೂ ಕಣ್ಣ ಮುಂದೆ ಬಂತು. ಆಮೇಲೆ ಒಂದು ಸುಂದರವಾದ ನೆಪವೂ ಸಿಕ್ಕಿತು: ತನಾಕಾ ಪರದೇಶದವರು, ಅವರ ಹೆಸರು ಇದರಲ್ಲಿ ಬಂದರೆ ಅವರಿಗೆ ತೊಂದರೆ, ನಾನು ಅವರನ್ನು ಕಾಪಾಡುತ್ತಿದ್ದೇನೆ! ಹೇಡಿತನಕ್ಕೆ ಉಡಿಸಲು ಎಷ್ಟು ಒಳ್ಳೊಳ್ಳೆಯ ಬಟ್ಟೆಗಳಿವೆ ನೋಡಿ.

ಹುಸೇನಸಾಬರು ನನ್ನ ಪಕ್ಕಕ್ಕೆ ಬಂದರು. ಮೆಲ್ಲಗೆ ಕೇಳಿದರು, "ಮಾಸ್ತರ, ಶೇಗಡಿ ಮುಂದಿನ ಅಂಗಳಕ್ಕ ಯಾರು ತಂದ್ರಿ?"

ನಾನು ಕೋಟಿನ ಮಣ್ಣು ಕೊಡವತೊಡಗಿದೆ.

ಅಷ್ಟರಲ್ಲಿ ಸಂಗಪ್ಪನ ದನಿ ಸಣ್ಣದಾಗಿ ಕೇಳಿತು. "ನಿದ್ದಿಗಣ್ಣಾಗ ಸೇದಿದ್ನೇನೋರಿ... ಖರೇನ ನೆನಪಾಗವಲ್ದರಿ."

ಏನೂ ಮಾಡದ ಮನುಷ್ಯ ತನ್ನ ತಲೆಯೊಳಗೇ ಇಳಿದು ತಪ್ಪು ಹುಡುಕುತ್ತಿದ್ದ. ಅವನ ಮುಂದೆ ಆರು ಹೆಜ್ಜೆ ದೂರದಲ್ಲಿ, ಎರಡು ಭಾಷೆ ಬಲ್ಲ ನಾನು ಒಂದರಲ್ಲೂ ಬಾಯಿ ತೆರೆಯದೆ ನಿಂತಿದ್ದೆ.

ತನಾಕಾ ನನ್ನ ತೋಳು ಬಿಟ್ಟರು. ಗುಂಪನ್ನು ಸರಿಸಿಕೊಂಡು ಹೋಗಿ ಸಂಗಪ್ಪನ ಎದುರು ನಿಂತರು. ಕೈಗಳನ್ನು ತೊಡೆಗೆ ಇಟ್ಟುಕೊಂಡು ಸೊಂಟದವರೆಗೆ ಬಾಗಿದರು. ಬಾಗಿದವರು ಏಳಲೇ ಇಲ್ಲ. ಸಾಹೇಬರದೇನೋ ಕೆಳಗೆ ಬಿದ್ದಿದೆ ಎಂದುಕೊಂಡು ಒಬ್ಬಿಬ್ಬರು ನೆಲ ನೋಡಿದರು. ತನಾಕಾ ಬಾಗಿದಲ್ಲಿಂದಲೇ ತಮಗೆ ಬರುವ ನಾಲ್ಕಾರು ಕನ್ನಡ ಪದಗಳಲ್ಲಿ ಎರಡನ್ನು ಆರಿಸಿ ಹೇಳಿದರು.

"ಬೆಂಕಿ. ನಂದು."

ಮುಕಾದಮ ಗಲಿಬಿಲಿಗೊಂಡು ನನ್ನ ಕಡೆ ತಿರುಗಿದ. "ಏನಂತಾರ್ರಿ ಮಾಸ್ತರ ಇವ್ರು?"

ತನಾಕಾ ಇನ್ನೂ ಬಾಗಿಯೇ ಇದ್ದರು.

"ಅವರು ಹೇಳಿದ್ದು ಖರೆ ಅಲ್ಲ" ಎಂದೆ. "ಬೆಂಕಿ ಅವರದಲ್ಲ, ನಂದು. ಅವರು ಬ್ಯಾಡ ಅಂದ್ರೂ ಶೇಗಡಿ ಮುಂದ ತಂದಾಂವ ನಾ. ಗಾಳಿ ಹಾಕಿದಾಂವ ನಾ. ಕಿಡಿ ಹಾರಿದ್ದನ್ನ ಕಣ್ಣಾರೆ ನೋಡೇನಿ. ಸಂಗಪ್ಪಂದು ಏನೂ ತಪ್ಪಿಲ್ಲ."

ಇನ್ನು ನನ್ನನ್ನು ಚೌಕಿಗೆ ಎಳೆಯುತ್ತಾರೆ ಎಂದು ಕಾದೆ. ಬೈಗುಳಕ್ಕೆ ಕಾದೆ.

ಮುಕಾದಮ ನನ್ನ ರುಮಾಲು ನೋಡಿದ. ಕೋಟು ನೋಡಿದ. ತನಾಕಾ ಅವರನ್ನೂ ನೋಡಿದ. ಆಮೇಲೆ ನಕ್ಕ!

"ಅಯ್ಯ, ನೀವೇನ್ರಿ! ಹೋಗ್ಲಿ ಬಿಡ್ರಿ ಮಾಸ್ತರ. ಬೆಂಕಿ ಅಂದ ಮ್ಯಾಲ ಕಿಡಿ ಹಾರೂದ. ನೀವೇನು ಬೇಕಂತ ಮಾಡೀರೇನು? ಮನೀಗೆ ಹೋಗಿ ಕೈ ತೊಳ್ಕೋರಿ."

ಗುಂಪೂ ನಕ್ಕಿತು. ಚೌಕಿಯ ಮಾತನ್ನು ಯಾರೂ ಎತ್ತಲಿಲ್ಲ. ಊರು ಸುಡುವವರ ಬಗ್ಗೆ ಮಾತಾಡಿದ ಆ ದನಿಯೂ ಎಲ್ಲೋ ಅಡಗಿತು. ಅದೇ ಬೆಂಕಿ, ಅದೇ ಅಂಡಿಗೆ. ಚಿಲುಮೆಯವನು ಹಚ್ಚಿದರೆ ಅಪರಾಧ, ಕೋಟಿನವನು ಹಚ್ಚಿದರೆ ಗಾಳಿಯ ತಪ್ಪು! ಬೈಯಿಸಿಕೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಮುಕಾದಮ ಚಿಲುಮೆಯನ್ನು ಸಂಗಪ್ಪನ ಕಾಲ ಬುಡಕ್ಕೆ ಎಸೆದು ಒಳಗೆ ಹೋದ. ತನಾಕಾ ಅದನ್ನು ಎತ್ತಿ, ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟರು.

ಆ ರಾತ್ರಿ ಸಂಗಪ್ಪ ಹುಸೇನಸಾಬರ ಮನೆಯಲ್ಲಿ ಉಳಿದ. ಅವರ ಹೆಂಡತಿ ಅವನ ಕೈಗೆ ಲೋಳೆಸರ ಹಚ್ಚಿ ಅರಿವೆ ಕಟ್ಟಿದರಂತೆ. ಹೊಲ ಹೊಕ್ಕಿದ್ದ ಎತ್ತುಗಳು ಸಿಕ್ಕವು. ಸುಟ್ಟ ಹತ್ತಿಯ ನಷ್ಟವನ್ನು ನಾನೇ ತುಂಬಿಕೊಟ್ಟೆ. ಅದು ಸುಲಭದ ಕೆಲಸ.

ಮರುದಿನ ಬೆಳಿಗ್ಗೆ ಅವನು ಊರಿಗೆ ಹೊರಡುವ ಮೊದಲು ಹೋದೆ. ಎಡಗೈಯಿಂದ ಎತ್ತುಗಳಿಗೆ ಹೊಸ ಹಗ್ಗ ಕಟ್ಟುತ್ತಿದ್ದ. ನಾನು ಕೈ ಮುಗಿದೆ. "ನನ್ನಿಂದ ಭಾಳ ತಪ್ಪಾತು ಸಂಗಪ್ಪ" ಎಂದೆ.

"ಅಯ್ಯ, ಕೈ ಮುಗೀಬ್ಯಾಡ್ರಿ" ಎಂದ. ಸಿಟ್ಟೇನೂ ಇರಲಿಲ್ಲ. "ಕಿಡಿ ಹಾರಿದ್ದಕ್ಕ ನೀವೇನು ಮಾಡ್ತೀರಿ? ಅದೇನು ನಮ್ಮ ಕೈಯಾಗಿನ ಮಾತಲ್ರಿ."

ಗಂಟು ಬಿಗಿದ. ಎತ್ತಿನ ಬೆನ್ನು ಸವರಿದ. ಮತ್ತೆ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವನಂತೆ ಕೇಳಿದ:

"ಆದ್ರ, ಮುಕಾದಮ ನನ್ನ ಅಷ್ಟು ಬೈದಾಗ ನೀವು ಅಲ್ಲೇ ನಿಂತಿದ್ರಲ್ರಿ, ಮಾಸ್ತರ?"